ಅರ್ಧ ಕಟ್ಟಿದ ಸಾರುವೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆ ಕಟ್ಟಿಸುವವರ ಕೈಗೆ ಬರುವ ನಕ್ಷೆಯಲ್ಲಿ ಪಾಯ, ಕಂಬ, ತೊಲೆ, ಮೆಟ್ಟಿಲು, ಕಿಟಕಿ ಎಲ್ಲವೂ ಇರುತ್ತವೆ. ಆ ಕಟ್ಟಡವನ್ನು ಕೆಲವು ವಾರಗಳ ಕಾಲ ಹೊತ್ತು ನಿಲ್ಲುವ ಸಾರುವೆಯಾಗಲಿ, ಸೆಂಟ್ರಿಂಗ್ ಆಗಲಿ ಅದರಲ್ಲಿ ಇರುವುದಿಲ್ಲ. ಅದು ಮೇಸ್ತ್ರಿಯ ತಲೆಯಲ್ಲಿರುತ್ತದೆ. ಅನುಭವಸ್ಥ ಮೇಸ್ತ್ರಿಯ ಅಂದಾಜನ್ನು ನಾನು ಹಗುರವಾಗಿ ಕಾಣುವವನಲ್ಲ, ಅದು ಸರಿ ಬಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಅದು ಪೂರ್ತಿ ಕಟ್ಟಿ ಮುಗಿದ ಸಾರುವೆಯ ಅಂದಾಜು. ನಾಲ್ಕು ಕಂಬ ನಿಂತು ಐದನೆಯದು ಇನ್ನೂ ಕೈಯಲ್ಲಿರುವಾಗ, ಅಡ್ಡಪಟ್ಟಿಗಳು ಬಿಗಿದಿದ್ದರೂ ಓರೆಪಟ್ಟಿಗಳು ನೆಲದ ಮೇಲೆಯೇ ಬಿದ್ದಿರುವಾಗ, ಅದು ಏನನ್ನು ತಡೆದೀತು ಎಂದು ಯಾರೂ ಲೆಕ್ಕ ಹಾಕಿರುವುದಿಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಆ ಅರ್ಧ ಕಟ್ಟಿದ ಸ್ಥಿತಿಯ ಬಗ್ಗೆ.

ಮೊದಲು ಭಾರವನ್ನು ನೋಡೋಣ. ಹಸಿ ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು 2500 ಕಿಲೋ ತೂಗುತ್ತದೆ. 1000 ಚದರ ಅಡಿಯ, ಐದು ಇಂಚು ದಪ್ಪದ ಒಂದು ಸಾಧಾರಣ ಮೋಲ್ಡ್ (ಕಾಂಕ್ರೀಟಿನ ಚಾವಣಿ) ಎಂದರೆ ಹತ್ತಿರ ಹತ್ತಿರ 30 ಟನ್. ಅದರ ಮೇಲೆ ಬಾಣಲಿ ಹೊತ್ತು ಓಡಾಡುವ ಜನ, ವೈಬ್ರೇಟರಿನ ನಡುಕ, ಒಂದೇ ಕಡೆ ಸುರಿದುಬಿಟ್ಟ ಕಾಂಕ್ರೀಟಿನ ರಾಶಿ. ಇಷ್ಟನ್ನೂ ಹೊರುವುದು ಮಣಿಕಟ್ಟಿನ ದಪ್ಪದ ಹತ್ತಡಿ ಪ್ರಾಪುಗಳು ಅಥವಾ ಸರ್ವೆ ಮರದ ಗಳುಗಳು. ಪೊರಕೆಯಿಂದ ಒಂದು ಉದ್ದನೆಯ ಕಡ್ಡಿಯನ್ನು ಹಿರಿದು, ಎರಡೂ ತುದಿಯನ್ನು ಹಿಡಿದು ಒತ್ತಿ ನೋಡಿ. ಅದು ಮುರಿಯುವ ಮೊದಲೇ ಬಾಗಿ ಪಕ್ಕಕ್ಕೆ ಚಿಮ್ಮುತ್ತದೆ. ಅದನ್ನೇ ಅರ್ಧಕ್ಕೆ ತುಂಡು ಮಾಡಿ ಒತ್ತಿದರೆ ನೋಯುವುದು ಬೆರಳಿಗೆ. ತೆಳ್ಳನೆಯ ಕಂಬದ ಆಸರೆಯಿಲ್ಲದ ಉದ್ದ ಅರ್ಧವಾದರೆ ಬಾಗದೆ ಹೊರುವ ಭಾರ ನಾಲ್ಕು ಪಟ್ಟಾಗುತ್ತದೆ ಎಂದು ಆಯ್ಲರ್ ಎಂಬ ಗಣಿತಜ್ಞ ಹದಿನೆಂಟನೆಯ ಶತಮಾನದಲ್ಲೇ ತೋರಿಸಿದ್ದ. ಪ್ರಾಪುಗಳ ನಡುಮಟ್ಟದಲ್ಲಿ ಎರಡೂ ದಿಕ್ಕಿಗೆ ಅಡ್ಡ ಕಟ್ಟಿ, ಅವು ಒಟ್ಟಾಗಿ ವಾಲದಂತೆ ಓರೆ ಬಿಗಿಯುವುದು ಈ ಕಾರಣಕ್ಕೆ. ‘ಅಡ್ಡ ನಾಳೆ ಕಟ್ಟೋಣ, ಮೊದಲು ಶೀಟು ಹಾಸಿಬಿಡಿ’ ಎಂದವನು ಆ ಒಂದು ರಾತ್ರಿಯ ಮಟ್ಟಿಗೆ ಕಂಬಗಳ ಶಕ್ತಿಯನ್ನು ಕಾಲುಭಾಗಕ್ಕೆ ಇಳಿಸಿರುತ್ತಾನೆ.

ಕಂಬದ ಬುಡದ ವಿಷಯವೂ ಹೀಗೆಯೇ. ವರ್ಷಗಳ ಹಿಂದೆ, ರಾತ್ರಿಯೆಲ್ಲ ಮಳೆ ಸುರಿದ ಮರುದಿನ ಒಂದು ಕೆಲಸದ ಜಾಗದಲ್ಲಿ ಸೆಂಟ್ರಿಂಗಿನ ಕೆಳಗೆ ನಡೆಯುತ್ತ ಒಂದು ಪ್ರಾಪಿಗೆ ಸುಮ್ಮನೆ ಕೈ ಹಾಕಿದೆ. ಅದು ಗಂಟೆಯ ನಾಲಗೆಯಂತೆ ತೂಗಾಡಿತು. ಅದರಡಿ ಎರಡು ಇಟ್ಟಿಗೆ ಇದ್ದವು, ಇಟ್ಟಿಗೆಯಡಿ ಹಿಂದಿನ ವಾರವಷ್ಟೇ ಮುಚ್ಚಿದ ಗುಂಡಿಯ ಮಣ್ಣು. ಮಣ್ಣು ಕುಸಿದು ಕಂಬಕ್ಕೆ ನೆಲೆಯೇ ಇಲ್ಲವಾಗಿತ್ತು, ಅದರ ಪಾಲಿನ ಹೊರೆಯೆಲ್ಲ ಅಕ್ಕಪಕ್ಕದವುಗಳ ತಲೆಯ ಮೇಲೆ ಬಿದ್ದಿತ್ತು. ಅಂದು ಬೆಳಿಗ್ಗೆ ಕಾಂಕ್ರೀಟು ಹಾಕುವುದಿತ್ತು; ಮಿಕ್ಸರ್ ಆಗಲೇ ಬಂದು ನಿಂತಿತ್ತು. ಕೆಲಸ ನಿಲ್ಲಿಸಿ, ಹದವಾಗಿ ದಮ್ಮಸ್ಸು ಮಾಡಿದ ನೆಲದ ಮೇಲೆ ಅಗಲವಾದ ಹಲಗೆ ಹಾಸಿ ಕಂಬಗಳನ್ನು ಮತ್ತೆ ನಿಲ್ಲಿಸುವಷ್ಟರಲ್ಲಿ ಸಂಜೆಯಾಯಿತು. ಗುತ್ತಿಗೆದಾರರು ನನ್ನೊಡನೆ ಒಂದು ವಾರ ಮಾತು ಬಿಟ್ಟಿದ್ದರು.

ಇನ್ನು ಮೇಲಿರುವ ಮನುಷ್ಯನ ವಿಷಯ. ಸಾರುವೆ ಮುಗಿದ ಮೇಲೆ ಅದರ ಮೇಲೆ ನಿಂತು ಗಾರೆ ಮಾಡುವವನಿಗೆ ಬೀಳದಂತೆ ತಡೆಯುವ ಕಟಾಂಜನವಿರುತ್ತದೆ, ಕಾಲಡಿ ಒತ್ತಾಗಿ ಹಾಸಿದ ಹಲಗೆಯಿರುತ್ತದೆ. ಅದನ್ನು ಕಟ್ಟುವವನಿಗೆ ಇವು ಯಾವುವೂ ಇರುವುದಿಲ್ಲ, ಏಕೆಂದರೆ ಅವನ್ನು ಕಟ್ಟಬೇಕಾದವನೇ ಅವನು. ಯಾದಗಿರಿ, ರಾಯಚೂರಿನ ಕಡೆಯಿಂದ ಗುಳೆ ಬಂದ ಹುಡುಗರು ಒಂದು ಪೈಪನ್ನು ಕಾಲಿನಿಂದ ತಬ್ಬಿ ಹಿಡಿದು ಇನ್ನೊಂದಕ್ಕೆ ಕ್ಲಾಂಪು ಬಿಗಿಯುವುದನ್ನು ನೀವೂ ಕಂಡಿರಬಹುದು. ಒಂದು ಅಂತಸ್ತಿನ ಹಲಗೆಯನ್ನೂ ಕಟಾಂಜನವನ್ನೂ ಮುಗಿಸಿ, ಅದನ್ನು ಗೋಡೆಗೆ ಬಿಗಿದು, ಅಲ್ಲಿಂದಲೇ ಮೇಲಿನ ಅಂತಸ್ತಿನ ಕಟಾಂಜನವನ್ನು ಎತ್ತಿ ಕೂರಿಸಿದ ಮೇಲೆ ಮಾತ್ರ ಹತ್ತುವ ಕ್ರಮವೊಂದಿದೆ. ಹೊತ್ತು ಸ್ವಲ್ಪ ಹೆಚ್ಚು ಹಿಡಿಯುತ್ತದೆ, ನಿಜ. ನಮ್ಮಲ್ಲಿ ಮೂರು ಅಂತಸ್ತಿನ ಪೈಪುಗಳನ್ನು ಒಂದೇ ಉಸುರಿಗೆ ಏರಿಸಿ, ಹಲಗೆಯನ್ನೂ ಗೋಡೆಯ ಬಿಗಿತವನ್ನೂ ಕಡೆಗೆ ನೋಡಿಕೊಳ್ಳುವುದೇ ರೂಢಿ.

ಬೆಲ್ಟ್ ಕೊಟ್ಟಿದ್ದೇವಲ್ಲ ಎನ್ನುತ್ತಾರೆ. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿ ಬಿದ್ದವನ ಬೆನ್ನನ್ನೇ ಮುರಿಯಬಹುದು, ಆದ್ದರಿಂದ ಬೇಕಾದದ್ದು ಭುಜ, ತೊಡೆಗಳನ್ನು ಬಳಸುವ ಪೂರ್ತಿ ಕವಚ. ಅದಿದ್ದರೂ ಕೊಕ್ಕೆಯನ್ನು ಎಲ್ಲಿ ಸಿಕ್ಕಿಸಿದ್ದಾನೆ ಎಂದು ನೋಡಬೇಕು. ಕಾಲ ಬಳಿಯ ಪೈಪಿಗೆ ಸಿಕ್ಕಿಸಿದ್ದಾನೆ ಎನ್ನಿ. ಹಗ್ಗದ ಉದ್ದ 1.8 ಮೀಟರ್, ಹೊಡೆತ ತಗ್ಗಿಸುವ ಮಡಿಕೆ ಬಿಚ್ಚಿಕೊಂಡರೆ ಇನ್ನೊಂದು ಮೀಟರ್, ಬೆನ್ನಿನ ಉಂಗುರದಿಂದ ಅವನ ಪಾದದವರೆಗೆ ಒಂದೂವರೆ ಮೀಟರ್. ಒಟ್ಟು 4 ಮೀಟರಿಗೂ ಮಿಕ್ಕಿತು. ಮೊದಲ ಮಹಡಿಯ ಮೋಲ್ಡ್ ಇರುವುದು ನೆಲದಿಂದ 3 ಮೀಟರ್ ಎತ್ತರದಲ್ಲಿ. ಬೆಲ್ಟ್ ಧರಿಸಿಯೇ ಅವನು ನೆಲಕ್ಕೆ ಅಪ್ಪಳಿಸುತ್ತಾನೆ. ಕೊಕ್ಕೆ ತಲೆಗಿಂತ ಮೇಲಿರಬೇಕು, ಅದೂ ಈಗಷ್ಟೇ ನಿಲ್ಲಿಸಿದ ಸಡಿಲ ಪೈಪಿಗಲ್ಲ.

ಅರ್ಧ ಸ್ಥಿತಿಯ ಅಪಾಯ ಸಣ್ಣ ಮನೆಗಳಿಗಷ್ಟೇ ಸೀಮಿತವಲ್ಲ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬವೊಂದಕ್ಕೆ ಕಟ್ಟಿ ನಿಲ್ಲಿಸಿದ್ದ ಕಂಬಿಯ ಪಂಜರ ರಸ್ತೆಯ ಮೇಲೆ ಉರುಳಿ, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಆಕೆಯ ಪುಟ್ಟ ಮಗ ತೀರಿಕೊಂಡರು. ಕಾಂಕ್ರೀಟು ತುಂಬಿದ್ದರೆ ತಲೆಮಾರುಗಳ ಕಾಲ ಅಲುಗದೆ ನಿಲ್ಲುತ್ತಿದ್ದ ಕಂಬ ಅದು. ತುಂಬುವ ಮೊದಲು ಅಂಥ ಪಂಜರವನ್ನು ನಿಲ್ಲಿಸಿರುವುದು ಎಳೆದು ಕಟ್ಟಿದ ತಾತ್ಕಾಲಿಕ ಆಸರೆಗಳು ಮಾತ್ರ. ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲೋ ಐಲೆಂಡ್‌ನಲ್ಲಿ 1978ರ ಏಪ್ರಿಲ್ 27ರಂದು ವಿದ್ಯುತ್ ಸ್ಥಾವರದ ಶೀತಲ ಗೋಪುರ ಕಟ್ಟುತ್ತಿದ್ದಾಗ ಸಾರುವೆ ಕಳಚಿ ಬಿದ್ದು 51 ಕಾರ್ಮಿಕರು ಸತ್ತರು. ಆ ಸಾರುವೆಗೆ ನೆಲದ ಆಸರೆ ಇರಲಿಲ್ಲ. ಗೋಪುರದ ಗೋಡೆಗೇ ಬೋಲ್ಟುಗಳಿಂದ ಬಿಗಿದು, ಗೋಡೆ ಏರಿದಂತೆ ಅದನ್ನೂ ಏರಿಸುತ್ತಿದ್ದರು. ಹಿಂದಿನ ದಿನ ಹಾಕಿದ ಕಾಂಕ್ರೀಟು ಚಳಿಯಲ್ಲಿ ಇನ್ನೂ ಗಟ್ಟಿಯಾಗಿರಲಿಲ್ಲ ಎಂಬುದನ್ನು ತನಿಖೆ ಮುಖ್ಯ ಕಾರಣವಾಗಿ ಗುರುತಿಸಿತು.

ಕಾನೂನು ಇಲ್ಲವೇ ಎಂದು ಕೇಳಬಹುದು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯನ್ನು ಬರೆದದ್ದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸ್ಥಳಗಳಿಗಾಗಿ. ನಮ್ಮ ಬೀದಿಗಳ 30–40ರ ನಿವೇಶನದಲ್ಲಿ ಸಾಮಾನ್ಯ ದಿನಗಳಲ್ಲಿ ಇರುವವರು ಆರೋ ಎಂಟೋ ಜನ.

ಕಡೆಯದಾಗಿ ಬಿಚ್ಚುವ ಕೆಲಸ. ಅದೂ ಅರ್ಧ ಸ್ಥಿತಿಯೇ, ತಿರುವುಮುರುವಾದದ್ದು. ಐಎಸ್ 456 ಎಂಬ ಭಾರತೀಯ ಮಾನಕದ ಪ್ರಕಾರ 4.5 ಮೀಟರ್ ಅಂತರದವರೆಗಿನ ಚಾವಣಿಯ ಕಂಬಗಳನ್ನು 7 ದಿನ, ಅದಕ್ಕಿಂತ ದೊಡ್ಡದಾದರೆ 14 ದಿನ ಕದಲಿಸಕೂಡದು. ಅದೂ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಹವೆ 15 ಡಿಗ್ರಿಗಿಂತ ಕೆಳಗಿಳಿಯದಿದ್ದರೆ. ಈಗ ಮನೆಗಳಿಗೆ ಹೆಚ್ಚಾಗಿ ಬಳಸುವ ಹಾರುಬೂದಿ ಬೆರೆತ ಸಿಮೆಂಟು ನಿಧಾನಿ, ಅದಕ್ಕೆ ಇನ್ನಷ್ಟು ದಿನ ಬೇಕು. ಎರಡು ಗೋಡೆಗಳ ಮೇಲೆ ಕುಳಿತ ಚಾವಣಿಯಾದರೆ ನಡುವಿನಿಂದ ಗೋಡೆಗಳ ಕಡೆಗೆ ಕಂಬ ತೆಗೆಯುತ್ತ ಬರಬೇಕು. ಹೊರಚಾಚಿದ ಬಾಲ್ಕನಿಗೆ ಕ್ರಮವೇ ಬೇರೆ: ಹೊರತುದಿಯಿಂದ ಶುರು ಮಾಡಿ ಗೋಡೆಯ ಕಡೆಗೆ ಬರಬೇಕು. ಅದರ ಮುಖ್ಯ ಕಂಬಿ ಇರುವುದು ಮೇಲ್ಭಾಗದಲ್ಲಿ. ಒಳಗಿನ ಕಂಬಗಳನ್ನು ಮೊದಲು ತೆಗೆದು ತುದಿಯದನ್ನು ಹಾಗೆಯೇ ಬಿಟ್ಟರೆ ಬಾಲ್ಕನಿ ನಡುವೆ ಜೋತು, ಕಂಬಿಯಿಲ್ಲದ ತಳಭಾಗ ಸೀಳುತ್ತದೆ. ಆಗ ಅದರ ಕೆಳಗೆ ಸುತ್ತಿಗೆ ಹಿಡಿದು ನಿಂತಿರುವವನು ಸಾಮಾನ್ಯವಾಗಿ ಇಡೀ ತಂಡದಲ್ಲಿ ತೀರ ಹೊಸಬನಾಗಿರುತ್ತಾನೆ. ನಮಸ್ಕಾರ.