ಮನೆಯ ಫೋಟೊಗಳಿಗೆ ಮನೆಯಲ್ಲೇ ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಫೋನಿನಲ್ಲಿ ಜಾಗ ತುಂಬಿದೆ ಅನ್ನೋ ಸೂಚನೆ ನಿಮಗೂ ಬಂದಿರುತ್ತದೆ, ಅಲ್ವಾ? ತಿಂಗಳಿಗಿಷ್ಟು ದುಡ್ಡು ಕಟ್ಟಿ ಜಾಸ್ತಿ ಜಾಗ ತಗೊಳ್ಳಬಹುದು. ಇಲ್ಲಾಂದ್ರೆ ಮೂಲೆ ಸೇರಿದ ಹಳೇ ಲ್ಯಾಪ್‌ಟಾಪನ್ನೇ ಮನೆಯ ಫೋಟೊ ಸರ್ವರ್ ಮಾಡಿಕೊಳ್ಳಬಹುದು. ನಾನು ಎರಡನೇ ದಾರಿ ಹಿಡಿದೆ. ಬಳಸಿದ್ದು ಇಮಿಚ್ ಎಂಬ ಮುಕ್ತ ತಂತ್ರಾಂಶ. 2022ರಲ್ಲಿ ಶುರುವಾದದ್ದು. ಫೋನಿನ ಫೋಟೊಗಳನ್ನು ತಾನೇ ಎಳೆದುಕೊಳ್ಳುತ್ತದೆ. ಮುಖ ಗುರುತಿಸಿ, ಒಬ್ಬೊಬ್ಬರ ಫೋಟೊಗಳನ್ನು ಒಂದೆಡೆ ಸೇರಿಸುತ್ತದೆ.

ಇದನ್ನು ಹಾಕಿಕೊಳ್ಳುವುದು ಡಾಕರ್ ಕಂಟೇನರ್ ಮೂಲಕ. ಡಾಕರ್ ಅಂದ್ರೆ ಕಂಟೇನರ್‌ಗಳನ್ನು ನಡೆಸುವ ತಂತ್ರಾಂಶ, 2013ರಲ್ಲಿ ಬಂತು. ಕಂಟೇನರ್ ಅಂದ್ರೆ ಬುತ್ತಿ ಇದ್ದ ಹಾಗೆ. ಹೊಲಕ್ಕೆ ಹೋಗುವವರು ರೊಟ್ಟಿ, ಪಲ್ಯ, ಚಟ್ನಿಪುಡಿ ಎಲ್ಲ ಕಟ್ಟಿಕೊಂಡೇ ಹೋಗುತ್ತಾರೆ. ಅಲ್ಲಿ ಒಲೆ ಇದೆಯಾ, ಹಿಟ್ಟು ಇದೆಯಾ ಅಂತ ನೋಡಬೇಕಿಲ್ಲ. ನೀರು ಮಾತ್ರ ಅಲ್ಲಿನದೇ. ಹಾಗೇ ತಂತ್ರಾಂಶಕ್ಕೆ ಬೇಕಾದದ್ದೆಲ್ಲ ಒಂದೇ ಗಂಟಿನಲ್ಲಿ ಬರುತ್ತದೆ. ಲಿನಕ್ಸ್ ಕರ್ನಲ್, ಅಂದ್ರೆ ಯಂತ್ರವನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ತಿರುಳು, ಅದು ಮಾತ್ರ ನಮ್ಮ ಯಂತ್ರದ್ದು. ಎಲ್ಲ ಕಂಟೇನರ್‌ಗಳೂ ಅದನ್ನೇ ಹಂಚಿಕೊಳ್ಳುತ್ತವೆ. ಅದಕ್ಕೇ ಯಂತ್ರಕ್ಕೆ ಭಾರ ಕಮ್ಮಿ.

ಮುಂದೆ ಹೋಗುವ ಮೊದಲು ನನಗಾದ ಒಂದು ನಷ್ಟ ಹೇಳಬೇಕು. ಫೋಟೊಗಳಿಗಿಂತ ಮುಂಚೆ, ಅಡುಗೆ ಬರೆದಿಡುವ ಒಂದು ತಂತ್ರಾಂಶವನ್ನು ಹೀಗೇ ಕಂಟೇನರಿನಲ್ಲಿ ಹಾಕಿದ್ದೆ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಂಬುಳಿ, ಅಪ್ಪೆಹುಳಿ, ಸಾಸಿವೆ ಎಲ್ಲ ಕೇಳಿ ಬರೆದುಕೊಂಡೆ. ಕಣ್ಣಳತೆಯಲ್ಲಿ ಮಾಡುವವಳು ಅವಳು. "ಒಂದು ಚಮಚ ಅಂತ ಬರ್ಕೋ, ಆದ್ರೆ ಚಮಚದಲ್ಲಿ ಹಾಕ್ಬೇಡ" ಅಂದಿದ್ದಳು. ಎರಡು ತಿಂಗಳಾದ ಮೇಲೆ ಹೊಸ ಆವೃತ್ತಿ ಬಂತು. ಹಳೇ ಕಂಟೇನರ್ ಅಳಿಸಿ ಹೊಸದನ್ನು ಶುರು ಮಾಡಿದೆ. ತೆರೆದರೆ ಪುಟ ಖಾಲಿ. ಒಂದೂ ಅಡುಗೆ ಇಲ್ಲ.

ಯಾಕೆ ಹೀಗಾಯಿತು? ಕಂಟೇನರ್ ಒಳಗೆ ಬರೆದದ್ದು ಕಂಟೇನರ್ ಜೊತೆಗೇ ಹೋಗುತ್ತದೆ. ಹಳೆಯದನ್ನು ಅಳಿಸಿ ಹೊಸದನ್ನು ಎಬ್ಬಿಸುವುದೇ ಇಲ್ಲಿನ ರೂಢಿ. ಉಳಿಯಬೇಕಾದದ್ದನ್ನು ಹೊರಗೆ, ನಮ್ಮ ಡಿಸ್ಕಿನ ಒಂದು ಫೋಲ್ಡರಿಗೆ ಜೋಡಿಸಿಡಬೇಕು. ನಾನು ಜೋಡಿಸಿರಲಿಲ್ಲ. ಬೇರೆಲ್ಲ ತಪ್ಪಾದರೆ ಮತ್ತೆ ಮಾಡಬಹುದು. ಇದೊಂದು ತಪ್ಪಬಾರದು.

ಈಗ ಇಮಿಚ್ ವಿಷಯ. ಲ್ಯಾಪ್‌ಟಾಪಿಗೆ ಲಿನಕ್ಸ್ ಮತ್ತು ಡಾಕರ್ ಹಾಕಿಕೊಳ್ಳಿ. 8 ಜಿಬಿ ರ್‍ಯಾಮ್ ಇದ್ದರೆ ಒಳ್ಳೆಯದು. ಒಂದು ಫೋಲ್ಡರ್ ಮಾಡಿ, ಇಮಿಚ್ ಕೊಡುವ ಎರಡು ಫೈಲುಗಳನ್ನು ಅದರಲ್ಲಿಡಿ. ಒಂದು ಕಂಪೋಸ್ ಫೈಲು. ನಾಲ್ಕು ಕಂಟೇನರ್‌ಗಳು ಒಟ್ಟಿಗೆ ಹೇಗೆ ಏಳಬೇಕು ಅಂತ ಅದರಲ್ಲಿ ಬರೆದಿರುತ್ತದೆ: ಮುಖ್ಯ ಸರ್ವರ್, ಮುಖ ಗುರುತಿಸುವುದು, ಹೆಸರು, ವಿವರ ಇಡುವ ಪೋಸ್ಟ್‌ಗ್ರೆಸ್ ಡೇಟಾಬೇಸ್, ಕೆಲಸಗಳ ಸರದಿ ನೋಡಿಕೊಳ್ಳುವುದು. ಅದನ್ನು ಮುಟ್ಟಬೇಕಿಲ್ಲ.

ಎರಡನೆಯದು ಡಾಟ್ ಎನ್ವ್ ಎಂಬ ಪುಟ್ಟ ಫೈಲು. ಇಲ್ಲಿ ನಿಧಾನ ಮಾಡಿ. ಅಪ್‌ಲೋಡ್ ಲೊಕೇಶನ್ ಅಂತ ಒಂದು ಸಾಲಿದೆ. ಫೋಟೊಗಳು ಹೋಗಿ ಕೂರುವ ಜಾಗ ಅದು. ದೊಡ್ಡ ಡಿಸ್ಕಿನ ಫೋಲ್ಡರ್ ಕೊಡಿ. ಇನ್ನೊಂದು ಸಾಲು ಡೇಟಾಬೇಸಿನ ಜಾಗ. ಅದು ಅದೇ ಯಂತ್ರದ ಡಿಸ್ಕಿನಲ್ಲೇ ಇರಲಿ, ನೆಟ್‌ವರ್ಕ್ ಮೂಲಕ ಜೋಡಿಸಿದ ಡಿಸ್ಕ್ ಬೇಡ. ಆಮೇಲೆ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿ. ಅದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮಾತ್ರ ಇರಲಿ. ಡಾಲರ್, ಹ್ಯಾಶ್ ಥರದ ಚಿಹ್ನೆ ಸೇರಿಸಿದರೆ ಸುಮ್ನೆ ತಲೆನೋವು.

ಇನ್ನು ಉಳಿದದ್ದು ಒಂದೇ ಆಜ್ಞೆ: ಡಾಕರ್ ಕಂಪೋಸ್ ಅಪ್, ಸ್ವಲ್ಪ ಜಾಗ ಬಿಟ್ಟು ಗೆರೆ ಡಿ. ಹಳೇ ಪಾಠಗಳಲ್ಲಿ ಡಾಕರ್ ಮತ್ತು ಕಂಪೋಸ್ ನಡುವೆಯೂ ಗೆರೆ ಕಾಣಿಸಬಹುದು. ಅದು ಹಳೇ ಆವೃತ್ತಿಯದು, 2023ಕ್ಕೆ ನಿಂತುಹೋಯಿತು. ಡೌನ್‌ಲೋಡ್ ಮುಗಿದ ಮೇಲೆ ಬ್ರೌಸರಿನಲ್ಲಿ ಲ್ಯಾಪ್‌ಟಾಪಿನ ವಿಳಾಸ ಹಾಕಿ, ಕೋಲನ್ ಕೊಟ್ಟು 2283 ಒತ್ತಿ. ಮೊದಲು ನೋಂದಾಯಿಸಿದವರೇ ಅಡ್ಮಿನ್. ಫೋನಿನ ಆ್ಯಪಿಗೂ ಇದೇ ವಿಳಾಸ.

ಮೊದಲ ರಾತ್ರಿ ನಮ್ಮನೆ ಲ್ಯಾಪ್‌ಟಾಪಿನ ಫ್ಯಾನು ಬೆಳಗಿನವರೆಗೂ ಗುಯ್‌ಗುಟ್ಟಿತು. ಮುಖಗಳನ್ನು ಹುಡುಕುತ್ತಿತ್ತು. ಬೆಳಿಗ್ಗೆ ನೋಡಿದರೆ ಒಂದು ದುಂಡನೆಯ ಚಿತ್ರದ ಹಿಂದೆ ಅಜ್ಜಿಯ ಅಷ್ಟೂ ಫೋಟೊಗಳು. ಕೆಳಗೆ ಕನ್ನಡದಲ್ಲೇ ಅಜ್ಜಿ ಅಂತ ಬರೆದೆ.

ಹೊರಗಿದ್ದಾಗಲೂ ನೋಡಬೇಕು ಅಂದ್ರೆ ರೌಟರಿನಲ್ಲಿ ನೇರವಾಗಿ ಬಾಗಿಲು ತೆರೆಯಬೇಡಿ. ವೈರ್‌ಗಾರ್ಡ್ ಥರದ ವಿಪಿಎನ್, ಅಂದ್ರೆ ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಬರುವ ಗುಟ್ಟಿನ ದಾರಿ, ಬಳಸಿ.

ಇಮಿಚ್ ದಿನಾ ರಾತ್ರಿ 2 ಗಂಟೆಗೆ ಡೇಟಾಬೇಸಿನ ನಕಲು ತೆಗೆದಿಡುತ್ತದೆ. ಆದರೆ ಆ ನಕಲಿನಲ್ಲಿ ಹೆಸರು, ಆಲ್ಬಮ್, ವಿವರ ಇರುತ್ತವೆ, ಫೋಟೊ ಇರುವುದಿಲ್ಲ. ಫೋಟೊಗಳ ಫೋಲ್ಡರನ್ನು ನಾವೇ ನಕಲು ಮಾಡಬೇಕು. ನಾನು ಎರಡು ಡಿಸ್ಕ್ ಇಟ್ಟಿದ್ದೇನೆ. ಒಂದು ನಮ್ಮನೆಯಲ್ಲಿ, ಒಂದು ಅಕ್ಕನ ಮನೆಯಲ್ಲಿ. ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಿಕೊಂಡು ಬರುತ್ತೇನೆ.

ಅಡುಗೆಗಳನ್ನು ಅಮ್ಮ ಮತ್ತೆ ಹೇಳುತ್ತಿದ್ದಾಳೆ. ಇಲ್ಲಿಯವರೆಗೆ 31 ಬರೆದಾಗಿದೆ. ಈ ಸಲ ಅವುಗಳ ಫೋಲ್ಡರೂ ಅದೇ ಡಿಸ್ಕುಗಳಲ್ಲಿದೆ.

ನಮಸ್ಕಾರ.