ಕೋಳಿ ಕಸ ಕಾದ ಮೇಲೆ ಗೊಬ್ಬರ

ಕೇಳುಗ ಬಂಧುಗಳೇ, ನಮಸ್ಕಾರ.

ಎಳ್ಳ ಅಮಾವಾಸ್ಯೆ ಮುಗಿದು ತೊಗರಿ ರಾಶಿ ಆಗುವ ಹೊತ್ತಿಗೆ ನಮ್ಮ ಕಲಬುರಗಿ ಕಡೆ ಹಿತ್ತಲ ಕಸಕ್ಕೇನೂ ಬರವಿರುವುದಿಲ್ಲ. ಸ್ವಲ್ಪ ದಿನ ಕಳೆದರೆ ಬೇವಿನ ಎಲೆಯೂ ಉದುರಲು ಶುರು. ಮನೆಯಲ್ಲಿ ಕೋಳಿ ಇದ್ದರೆ, ಇಲ್ಲವೇ ಹತ್ತಿರ ಫಾರಂ ಇದ್ದರೆ, ಶೆಡ್ಡಿನಲ್ಲಿ ಹಾಸಿದ ಭತ್ತದ ಹೊಟ್ಟೋ ಶೇಂಗಾ ಸಿಪ್ಪೆಯೋ ಹಿಕ್ಕೆ ಸಮೇತ ಸಿಗುತ್ತದೆ, ಅದೇ ಕೋಳಿ ಕಸ. ಇವೆರಡನ್ನೂ ಸೇರಿಸಿ ಗೊಬ್ಬರ ಮಾಡುವ ಬಗ್ಗೆ ಇವತ್ತಿನ ಮಾತು. ಈಗ ಹಾಕಿದರೆ ಜೂನ್ ತಿಂಗಳ ಮಿರಗದ ಮಳೆ ಹೊತ್ತಿಗೆ ಕೈಗೆ ಬರುತ್ತದೆ.

ಹಸಿ ಹಿಕ್ಕೆ ಹಾಕಿದರೆ ಗಿಡ ಸುಟ್ಟುಹೋಗುತ್ತದೆ ಎಂದು ಹಿರಿಯರು ಹೇಳುವುದು ಸುಮ್ನೆ ಅಲ್ಲ. ಕೋಳಿ ಬೇರೆಯಾಗಿ ಮೂತ್ರ ಮಾಡುವುದಿಲ್ಲ, ಅದೂ ಹಿಕ್ಕೆಯ ಜೊತೆಗೇ ಬೀಳುತ್ತದೆ. ಹಿಕ್ಕೆಯ ಮೇಲೆ ಬೆಳ್ಳಗೆ ಕಾಣುತ್ತದಲ್ಲ, ಅದು ಯೂರಿಕ್ ಆಮ್ಲ. ತೇವದಲ್ಲಿ ಅದು ಅಮೋನಿಯಾ ಆಗಿ ಬೇರನ್ನು ಸುಡುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5 ಇದ್ದರೆ, ಕೋಳಿ ಗೊಬ್ಬರದಲ್ಲಿ ಶೇ. 3ರ ಆಸುಪಾಸು ಇರುತ್ತದೆ. ಈ ಸಾರ ಉಳಿಯಬೇಕು, ಖಾರ ಇಳಿಯಬೇಕು. ಅದಕ್ಕೇ ಒಣ ಎಲೆ ಬೇಕಾಗುವುದು.

ಅಳತೆ ಸರಳ. ಒಂದು ಬುಟ್ಟಿ ಕೋಳಿ ಕಸಕ್ಕೆ ಎರಡು ಬುಟ್ಟಿ ಒಣ ಎಲೆ, ಕಡ್ಡಿ, ಹಿತ್ತಲ ಕಸ. ಬೀದರ್ ಕಡೆ ಕಬ್ಬಿನ ರವದಿ, ಅಂದರೆ ಒಣ ಗರಿ, ಇದ್ದರೆ ಕತ್ತರಿಸಿ ಹಾಕಿ. ಅದನ್ನು ಸುಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಶಹಾಪುರ, ಸುರಪುರದ ಗದ್ದೆ ಸೀಮೆಯವರಿಗೆ ನೆಲ್ಲುಹುಲ್ಲು ಇದೆ. ತೊಗರಿ ಹೊಟ್ಟನ್ನು ಮಾತ್ರ ಮುಟ್ಟಬೇಡಿ, ಅದು ದನಕರುಗಳ ಪಾಲು. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕಿತ್ತಿದ್ದರೆ ಹಾಕಬಹುದು. ಸತ್ತ ಕೋಳಿ ಬೇಡ, ನಾಯಿಗಳು ಗುಡ್ಡೆ ಕೆದರಿಹಾಕುತ್ತವೆ. ಅದನ್ನು ಬೇರೆ ಕಡೆ ಆಳವಾಗಿ ಹೂಳಿ.

ಜಾಗ ನೆರಳಲ್ಲಿರಲಿ, ಬೇವಿನ ಮರದ ಕೆಳಗಾದರೆ ಒಳ್ಳೆಯದು. ಗುಡ್ಡೆ ಉದ್ದ, ಅಗಲ, ಎತ್ತರ ಮೂರೂ ಮೂರು ಅಡಿಗಿಂತ ಕಡಿಮೆ ಬೇಡ. ಸಣ್ಣ ಗುಡ್ಡೆ ಕಾಯುವುದೇ ಇಲ್ಲ, ಒಳಗೆ ಬಿಸಿ ಏರುವುದಿಲ್ಲ. ಗುಂಡಿ ತೋಡಲೇ ಎಂದು ತುಂಬ ಜನ ಕೇಳುತ್ತಾರೆ. ಬೇಸಿಗೆಯಲ್ಲಿ ಅರ್ಧ ಅಡಿ ತಗ್ಗು ತೆಗೆದು ಅದರ ಮೇಲೆ ಒಟ್ಟಿದರೆ ತೇವ ನಿಲ್ಲುತ್ತದೆ. ಆಳದ ಗುಂಡಿ ಬೇಡ. ನಮ್ಮ ಕಪ್ಪು ಎರೆ ಮಣ್ಣಿನಲ್ಲಿ ಮಳೆ ನೀರು ಬೇಗ ಇಂಗುವುದಿಲ್ಲ, ಒಂದು ಅಡ್ಡಮಳೆ ಬಂದರೆ ಸಾಕು, ಒಳಗೆ ಕೊಳೆತು ನಾರುತ್ತದೆ.

ಕೋಳಿ ಕಸ ಸುರಿಯುವ ಮೊದಲು ನೀರು ಚಿಮುಕಿಸಿ. ಮೂಗು, ಬಾಯಿಗೆ ಟವೆಲ್ ಕಟ್ಟಿಕೊಳ್ಳಿ, ಆ ಧೂಳು ಎದೆಗೆ ಒಳ್ಳೆಯದಲ್ಲ. ಒಂದು ಪದರ ಎಲೆ, ಒಂದು ಪದರ ಕೋಳಿ ಕಸ, ಪ್ರತಿ ಪದರಕ್ಕೂ ನೀರು. ಎಷ್ಟು ನೀರು? ಒಳಗಿನಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು, ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು. ನೀರು ಸುರಿದರೆ ಜಾಸ್ತಿ ಆಯಿತು, ಪುಡಿ ಉದುರಿದರೆ ಕಡಿಮೆ.

ಎಲ್ಲ ಸರಿಯಿದ್ದರೆ ಎರಡು ಮೂರು ದಿನದಲ್ಲಿ ಗುಡ್ಡೆ ಕಾಯುತ್ತದೆ. ನಡುವೆ ಒಂದು ಕಬ್ಬಿಣದ ಸಲಾಕೆ ಚುಚ್ಚಿಡಿ. ಹತ್ತು ನಿಮಿಷ ಬಿಟ್ಟು ತೆಗೆದು ತುದಿ ಮುಟ್ಟಿ ನೋಡಿ, ಕೈ ಹಿಡಿಯಲಾಗದಷ್ಟು ಬಿಸಿ ಇರಬೇಕು. ಒಳಗೆ 55ರಿಂದ 65 ಡಿಗ್ರಿ ಇದ್ದು ಅದು ಕೆಲವು ದಿನ ನಿಂತರೆ ರೋಗದ ಸೂಕ್ಷ್ಮಾಣುಗಳೂ ಕಸದ ಬೀಜಗಳೂ ಸಾಯುತ್ತವೆ. ಹೊರಗಿನದಕ್ಕೂ ಈ ಬಿಸಿ ತಾಗಬೇಕಲ್ವಾ? ಅದಕ್ಕೇ ವಾರಕ್ಕೊಮ್ಮೆ ಸಲಿಕೆ ಹಿಡಿದು ಅಂಚಿನದನ್ನು ನಡುವೆ, ನಡುವಿನದನ್ನು ಅಂಚಿಗೆ ಹಾಕಿ ಮಗುಚಬೇಕು. ಮಗುಚುವಾಗ ಕಣ್ಣು ಉರಿಯುವಂಥ ಘಾಟು ಬಂದರೆ ಸಾರಜನಕ ಗಾಳಿಗೆ ಹೋಗುತ್ತಿದೆ ಎಂದೇ ಲೆಕ್ಕ. ಇನ್ನೆರಡು ಬುಟ್ಟಿ ಒಣ ಎಲೆ ಸೇರಿಸಿ.

ಈಗ ನಮ್ಮ ಊರಿನ ನಿಜವಾದ ತೊಂದರೆಗೆ ಬರೋಣ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗುಡ್ಡೆ ಮೇಲಿನಿಂದಲೂ ಒಣಗುತ್ತದೆ, ತನ್ನ ಬಿಸಿಗೆ ಒಳಗಿನಿಂದಲೂ ಒಣಗುತ್ತದೆ. ತೇವ ಹೋದರೆ ಸೂಕ್ಷ್ಮಾಣುಗಳ ಕೆಲಸ ನಿಂತು ಗುಡ್ಡೆ ತಣ್ಣಗಾಗುತ್ತದೆ. ಜನ ಅದನ್ನು ನೋಡಿ, ಆಯ್ತು, ಗೊಬ್ಬರ ಹಣ್ಣಾಯಿತು ಎಂದು ಬದನೆ ಬುಡಕ್ಕೆ ಹಾಕುತ್ತಾರೆ. ಗಿಡಕ್ಕೆ ನೀರು ಬಿಟ್ಟಾಗ ಒಳಗಿದ್ದ ಹಸಿ ಹಿಕ್ಕೆ ಮತ್ತೆ ಕೆಲಸ ಶುರು ಮಾಡುತ್ತದೆ. ಎಲೆಯಂಚು ಸುಡುತ್ತದೆ. ಆದ್ದರಿಂದ ತಣ್ಣಗಾದ ಗುಡ್ಡೆಯನ್ನು ಒಡೆದು ನೋಡಿ. ನಡುವೆ ಬೂದಿ ಎರಚಿದಂಥ ಬಿಳಿ ಪುಡಿ ಅಂಟಿಕೊಂಡು, ಹೊಟ್ಟು ಗರಿಗರಿ ಇದ್ದರೆ ಅದು ಬಾಯಾರಿದ ಗುಡ್ಡೆ. ಕೊಡಗಟ್ಟಲೆ ನೀರು ಹಾಕಿ ಮಗುಚಿ. ಮರುದಿನವೋ ಅದರ ಮರುದಿನವೋ ಮತ್ತೆ ಕಾಯುತ್ತದೆ. ಮೇಲೆ ಹಸಿ ಗೋಣಿಚೀಲ ಹೊದಿಸಿದರೆ ನೀರಿನ ಖರ್ಚು ಕಡಿಮೆ. ಪಾತ್ರೆ ತೊಳೆದ ನೀರು ಬೇಡ, ಸೋಪು ಇರುತ್ತದೆ. ಅಕ್ಕಿ, ಕಾಯಿಪಲ್ಯ ತೊಳೆದ ನೀರು ಧಾರಾಳವಾಗಿ ಹಾಕಿ.

ನೀರು ಹಾಕಿ ಮಗುಚಿದರೂ ಬಿಸಿ ಏರಲಿಲ್ಲ ಎಂದರೆ ಮಾತ್ರ ಕಾವು ಮುಗಿದ ಹಾಗೆ. ಆಮೇಲೂ ಒಂದು ತಿಂಗಳು ನೆರಳಲ್ಲಿ ಬಿಡಿ. ಗುಡ್ಡೆ ಅರ್ಧಕ್ಕೆ ಇಳಿದಿರುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಭತ್ತದ ಹೊಟ್ಟು ಬೇಗ ಕರಗುವುದಿಲ್ಲ, ಅಲ್ಲಲ್ಲಿ ಕಂಡರೆ ಚಿಂತೆ ಬೇಡ. ಅನುಮಾನ ಇದ್ದರೆ ಒಂದು ಕುಂಡದಲ್ಲಿ ಅರ್ಧ ಮಣ್ಣು, ಅರ್ಧ ಗೊಬ್ಬರ ಹಾಕಿ ಮೆಂತ್ಯ ಬಿತ್ತಿ. ಪಕ್ಕದಲ್ಲಿ ಬರೀ ಮಣ್ಣಿನದೊಂದು ಕುಂಡ ಇರಲಿ. ಎರಡರಲ್ಲೂ ಸಮನಾಗಿ ಮೊಳಕೆ ಬಂದರೆ ಗೊಬ್ಬರ ತಯಾರು. ಜರಡಿ ಹಿಡಿಯುವಾಗ ಗೊಣ್ಣೆ ಹುಳು ಸಿಕ್ಕರೆ ಕೋಳಿಗೇ ಹಾಕಿ, ಓಡಿ ಬರುತ್ತವೆ.

ಬದನೆ, ಮೆಣಸಿನಕಾಯಿ ಬುಡಕ್ಕೆ ಎರಡು ಹಿಡಿ, ಕಾಂಡಕ್ಕೆ ತಾಗದ ಹಾಗೆ ಸುತ್ತ ಹಾಕಿ ಮಣ್ಣಿನಲ್ಲಿ ಬೆರೆಸಿ. ಪುಂಡಿ ಪಲ್ಯ, ಮೆಂತ್ಯದ ಮಡಿಗೆ ಬಿತ್ತುವ ಮೊದಲು ಅರ್ಧ ಇಂಚು ಹರಡಿ. ಕುಂಡದಲ್ಲಿ ನಾಲ್ಕರಲ್ಲಿ ಒಂದು ಪಾಲು ಮೀರಬೇಡಿ, ಕೋಳಿ ಗೊಬ್ಬರದಲ್ಲಿ ಉಪ್ಪಿನಂಶ ಜಾಸ್ತಿ. ಜೊತೆಗೆ ಸುಣ್ಣ, ಬೂದಿ ಸೇರಿಸುವ ರೂಢಿ ಕೆಲವರಿಗಿದೆ. ನಮ್ಮ ಎರೆ ನೆಲ ಮೊದಲೇ ಕ್ಷಾರ, ಮೊಟ್ಟೆ ಕೋಳಿಯ ಹಿಕ್ಕೆಯಲ್ಲಿ ಸುಣ್ಣವೂ ಇರುತ್ತದೆ, ಆದ್ದರಿಂದ ಬೇಡ. ತೊಗರಿಗೂ ಇದನ್ನು ಸುರಿಯಬೇಡಿ. ತೊಗರಿ ತನಗೆ ಬೇಕಾದ ಸಾರಜನಕದ ಹೆಚ್ಚು ಪಾಲನ್ನು ತನ್ನ ಬೇರಿನ ಗಂಟಿನಲ್ಲೇ ಮಾಡಿಕೊಳ್ಳುತ್ತದೆ, ಜಾಸ್ತಿ ಸಿಕ್ಕರೆ ಬರೀ ಸೊಪ್ಪು ಬೆಳೆಯುತ್ತದೆ. ಉಳಿದದ್ದನ್ನು ನಿಂಬೆ, ನುಗ್ಗೆ, ಕರಿಬೇವಿಗೆ ಹಾಕಿ, ಇಲ್ಲವೇ ಚೀಲಕ್ಕೆ ತುಂಬಿ ಮಳೆ ತಾಗದ ಕಡೆ ಇಡಿ. ನಮಸ್ಕಾರ.