ಸೆಕೆಂಡ್ ಹ್ಯಾಂಡ್ ಸೆವೆನ್ ಸೀಟರಾ? ಸೀಟ್ ಆಮೇಲೆ, ಮೊದ್ಲು ಇಂಜಿನ್ ನೋಡ್ರಪ್ಪಾ

ಮೈಸೂರಲ್ಲಿ ಸೆಕೆಂಡ್ ಹ್ಯಾಂಡ್ ಫ್ಯಾಮಿಲಿ ಗಾಡಿ ಅಂದ ತಕ್ಷಣ ಎಲ್ಲರ ಬಾಯಲ್ಲೂ ಇನ್ನೋವಾ ಡೀಸಲ್ಲೇ. ಸರಿ, ಆ ಹಳೇ 2.5 ಲೀಟರ್ ಡಿ-4ಡಿ ಡೀಸಲ್ ಇಂಜಿನ್ ಗಟ್ಟಿ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನೀವು ಓಡ್ಸೋದೆಷ್ಟು ಸ್ವಾಮಿ? ಕುವೆಂಪುನಗರದಿಂದ ಮಕ್ಕಳ ಸ್ಕೂಲು, ದೇವರಾಜ ಮಾರ್ಕೆಟ್ಟು, ಯಾವಾಗ್ಲೋ ಮಂಡ್ಯದ ಅತ್ತೆ ಮನೆ, ವರ್ಷಕ್ಕೊಂದ್ಸಲ ಧರ್ಮಸ್ಥಳ, ಇಷ್ಟಕ್ಕೆ ಡೀಸಲ್ ಯಾಕ್ರೀ? ಅದ್ರಲ್ಲೂ 2020 ಏಪ್ರಿಲ್ ಆದ್ಮೇಲಿನ ಬಿಎಸ್6 (ಹೊಗೆ ಕಮ್ಮಿ ಮಾಡೋ ಸರ್ಕಾರಿ ರೂಲು) ಡೀಸಲ್ ಗಾಡೀಲಿ ಡಿಪಿಎಫ್ ಅಂತ ಫಿಲ್ಟರ್ ಇರುತ್ತೆ, ಹೊಗೇಲಿರೋ ಮಸಿ ಹಿಡ್ಕೊಳ್ಳೋದು ಅದರ ಕೆಲಸ, ಆ ಮಸಿ ಸುಟ್ಟು ಹೋಗ್ಬೇಕಂದ್ರೆ ಆಗಾಗ ಹೈವೇಲಿ ಸ್ವಲ್ಪ ಹೊತ್ತು ಒಂದೇ ಸಮ ಓಡ್ಬೇಕು, ಬರೀ ಸಿಗ್ನಲ್ಲಿಂದ ಸಿಗ್ನಲ್ಲಿಗೆ ಓಡ್ಸಿದ್ರೆ ಕಟ್ಕೊಂಡು ಮೀಟರಲ್ಲಿ ಲೈಟ್ ಹತ್ತುತ್ತೆ.

ಅಂಥೋರಿಗೆ ನನ್ ವೋಟು 2018ರ ಕೊನೇಲಿ ಬಂದ ಎರ್ಟಿಗಾದ 1.5 ಪೆಟ್ರೋಲ್‌ಗೆ. ಏಳು ಜನ ಕೂತು ಎಸಿ ಹಾಕಿ ಶಿರಾಡಿ ಘಾಟ್ ಹತ್ತಿಸಿದ್ರೆ ಉಸ್ಸಪ್ಪಾ ಅನ್ನುತ್ತೆ, ಅದು ನಿಜ. ಆದ್ರೆ ಇಂಜಿನ್ನಿಗೆ ಗಾಳಿ ಒತ್ತೋ ಟರ್ಬೋದ ರಗಳೆ ಇಲ್ಲ, ವಾಲ್ವು ಪಿಸ್ಟನ್ನು ತಾಳ ತಪ್ಪದಂಗೆ ಓಡ್ಸೋದು ಬೆಲ್ಟಲ್ಲ, ಟೈಮಿಂಗ್ ಚೈನು, ಮದ್ದೂರಲ್ಲಿ ಕೆಟ್ಟು ನಿಂತ್ರೂ ರಿಪೇರಿ ಮಾಡೋರು ಸಿಗ್ತಾರೆ.

ಇಲ್ಲ, ಅಪ್ಪ ಕಾಲ್ ಚಾಚ್ಕೊಂಡು ಕೂರ್ಬೇಕು, ಇನ್ನೋವಾನೇ ಬೇಕು ಅಂತೀರಾ, ತಗೊಳ್ಳಿ. ಆದ್ರೆ ಬೆಳಿಗ್ಗೇನೇ ಹೋಗಿ, ನಾವು ಬರೋವರ್ಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಹಿಂದಿನ ದಿನಾನೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ, ಬೆಚ್ಚಗಿದ್ರೆ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೆ ಕಾಣೋ ತೊಂದ್ರೆ ಏನೋ ಮುಚ್ಚಿಡ್ತಿರ್ಬೋದು. ಸ್ಟಾರ್ಟ್ ಮಾಡಿ ಐಡ್ಲಲ್ಲಿ ಬಿಟ್ಟು ಆಯಿಲ್ ಕ್ಯಾಪ್ ಬಿಚ್ಚಿ ಅಲ್ಲೇ ಮೇಲಿಡಿ, ಸ್ವಲ್ಪ ಆವಿ ಬಂದ್ರೆ ಪರ್ವಾಗಿಲ್ಲ, ಪುಸುಪುಸು ಅಂತ ಹೊಗೆ ಒತ್ಕೊಂಡು ಬಂದು ಕ್ಯಾಪ್ ಕುಣಿಯೋಕೆ ಶುರುಮಾಡಿದ್ರೆ ಪಿಸ್ಟನ್ ರಿಂಗ್ ಸವೆದಿರೋ ಲಕ್ಷಣ. ಸೈಲೆನ್ಸರಲ್ಲಿ ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ. ಇಂಜಿನ್ ತಣ್ಣಗಿಡೋ ಕೂಲೆಂಟ್ ಡಬ್ಬೀಲಿ ಆಯಿಲ್ ಜಿಡ್ಡು ಕಂಡ್ರಂತೂ ಕೈ ಮುಗಿದು ಬಂದ್ಬಿಡಿ. ಇನ್ನೊಂದು, ಆ 2.5ರಲ್ಲಿರೋದು ಟೈಮಿಂಗ್ ಬೆಲ್ಟು, ಓಡ್ತಾ ಓಡ್ತಾ ಕಟ್ಟಾದ್ರೆ ವಾಲ್ವು ಪಿಸ್ಟನ್ನು ಹೊಡ್ಕೊಂಡು ಇಂಜಿನ್ನೇ ಇಳಿಸ್ಬೇಕಾಗುತ್ತೆ, ಬದಲಾಯ್ಸಿದ ಬಿಲ್ ಕೇಳಿ, ಬಾಯಿಮಾತು ನಂಬ್ಬೇಡಿ.

ಮೀಟರ್ ಹಿಂದಕ್ಕೆ ತಿರುಗ್ಸೋರ ಬಗ್ಗೆ ಹೇಳೋದೇ ಬೇಡ, ಬ್ರೇಕ್ ಪೆಡಲ್ ರಬ್ಬರ್ ನುಣ್ಣಗಾಗಿರೋ ಗಾಡಿ ಬರೀ ಅರವತ್ತು ಸಾವಿರ ಕಿಲೋಮೀಟರ್ ಓಡಿದೆಯಂತೆ! ಊಟಿ ಟ್ರಿಪ್ ಹೊಡೆದ ಹಳದಿ ಬೋರ್ಡನ್ನ ವೈಟ್ ಬೋರ್ಡ್ ಮಾಡ್ಸಿ ಮಾರೋರೂ ಇದಾರೆ, ಆರ್‌ಸಿ ಹಿಸ್ಟರಿ ನೋಡ್ಕೊಳ್ಳಿ. ಆದ್ರೆ ಟ್ಯಾಕ್ಸಿ ಅಂದ್ರೆ ಮೂಗು ಮುರಿಯೋದು ನಂಗೊಪ್ಪಲ್ಲ ಕಣ್ರೀ, ವರ್ಷಾನುಗಟ್ಲೆ ಪೋರ್ಟಿಕೋದಲ್ಲಿ ಧೂಳು ತಿಂದ ಸಿಂಗಲ್ ಓನರ್ ಗಾಡಿಗಿಂತ, ಹೈವೇಲಿ ಓಡಿ ಟೈಮಿಗೆ ಸರಿಯಾಗಿ ಆಯಿಲ್ ಚೇಂಜ್ ಆದ ಟ್ಯಾಕ್ಸಿ, ಬಿಲ್ಲೆಲ್ಲಾ ಇದ್ರೆ, ನಾನಂತೂ ಕಣ್ಮುಚ್ಕೊಂಡು ಟ್ಯಾಕ್ಸೀನೇ ತಗೊಳ್ತೀನಿ.